ಸಂಘದ ಲ್ಯಾಪ್‌ಟಾಪಿನಲ್ಲಿ ಹಾರ್ಡ್ ಡಿಸ್ಕ್ ಕಾಣದಿದ್ದರೆ ಏನು ಮಾಡಬೇಕು?



ನೀವು ಬೆಳಿಗ್ಗೆ ಮತ್ತು ಸಂಜೆ ಸಂಘಕ್ಕೆ ಹಾಕುವ ಹಾಲಿನ ಅಳತೆ, ಫ್ಯಾಟ್, ಎಸ್.ಎನ್.ಎಫ್. ಮತ್ತು ದರ ಈಗ ಬಹಳಷ್ಟು ಸಂಘಗಳಲ್ಲಿ ಕಂಪ್ಯೂಟರಿನಲ್ಲಿ ದಾಖಲಾಗುತ್ತವೆ. ಬಟವಾಡೆಯ ಪಟ್ಟಿ ತಯಾರಾಗುವುದು ಅದರಿಂದಲೇ. ರಾಜ್ಯ ಸರ್ಕಾರದ ಪ್ರೋತ್ಸಾಹಧನ 2008ರಲ್ಲಿ ಲೀಟರಿಗೆ 2 ರೂಪಾಯಿಯಿಂದ ಆರಂಭವಾಗಿ, 2013ರಲ್ಲಿ 4 ರೂಪಾಯಿ, 2016ರಲ್ಲಿ 5 ರೂಪಾಯಿ ಆಯಿತು. ಅದು ನಿಮ್ಮ ಬ್ಯಾಂಕ್ ಖಾತೆಗೆ ಜಮಾ ಆಗುವುದೂ ಸಂಘದ ಲೆಕ್ಕದ ಆಧಾರದ ಮೇಲೆಯೇ. ಆದುದರಿಂದ ಸಂಘದ ಲ್ಯಾಪ್‌ಟಾಪ್ ಕೆಟ್ಟರೆ ಅದು ಕಾರ್ಯದರ್ಶಿಯೊಬ್ಬರ ತೊಂದರೆಯಲ್ಲ, ನಮ್ಮೆಲ್ಲರದು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಹಳ್ಳಿಗಳಲ್ಲಿ ಬೇಸಿಗೆಯ ಬಿಸಿಲು, ಧೂಳು, ಹೋಗಿ ಬರುವ ಕರೆಂಟು ಇವು ಕಂಪ್ಯೂಟರಿಗೆ ಒಳ್ಳೆಯವಲ್ಲ. ಕೆಲವು ವರ್ಷಗಳಲ್ಲಿ ಹಳೆಯ ಲ್ಯಾಪ್‌ಟಾಪ್ ಕೈಕೊಡುತ್ತದೆ. ಸಂಘ ಬೇರೊಂದನ್ನು ಕೊಳ್ಳುತ್ತದೆ. ಆದರೆ ತೂಕದ ಯಂತ್ರಕ್ಕೂ ಹಾಲು ಪರೀಕ್ಷಾ ಯಂತ್ರಕ್ಕೂ ಜೋಡಿಸಿದ ತಂತ್ರಾಂಶ ಹಳೆಯದು. ಅದು ವಿಂಡೋಸ್ ಎಕ್ಸ್‌ಪಿ ಅಥವಾ ವಿಂಡೋಸ್ 7 ಇದ್ದ ಕಾಲದಲ್ಲಿ ಕೊಂಡದ್ದು. ಆದ್ದರಿಂದ ಹೊಸ ಲ್ಯಾಪ್‌ಟಾಪಿಗೂ ಆ ಹಳೆಯ ವಿಂಡೋಸನ್ನೇ ಹಾಕಿಸಲು ಹೊರಡುತ್ತೇವೆ. ಅರ್ಧ ದಾರಿಯಲ್ಲಿ ಪರದೆಯ ಮೇಲೆ ‘ಯಾವುದೇ ಹಾರ್ಡ್ ಡಿಸ್ಕ್ ಸಿಗಲಿಲ್ಲ’ ಎಂಬ ಸೂಚನೆ ಬರುತ್ತದೆ. ಅಂಗಡಿಯಲ್ಲಿ ಕೇಳಿದರೆ, “ಹಾರ್ಡ್ ಡಿಸ್ಕ್ ಹೋಗೇತ್ರಿ, ಹೊಸದು ಹಾಕಸಬೇಕು” ಎಂಬ ಉತ್ತರ ಸಿಗುವುದುಂಟು. ಬಹಳ ಸಲ ಇದು ನಿಜವಲ್ಲ. ಏಕೆ ಎಂಬುದನ್ನೂ, ಏನು ಮಾಡಬೇಕೆಂಬುದನ್ನೂ ಇಲ್ಲಿ ವಿವರಿಸಲಾಗಿದೆ.

ಡಿಸ್ಕ್ ಇದ್ದರೂ ಏಕೆ ಕಾಣುವುದಿಲ್ಲ?

ನಿಮ್ಮ ಊರಿಗೆ ಹಾಲಿನ ವಾಹನ ಬರುವ ದಾರಿ ಬದಲಾಯಿತೆಂದು ತಿಳಿಯಿರಿ. ಹಳೆಯ ರಸ್ತೆ ಮುಚ್ಚಿ, ಹೊಸ ಬೈಪಾಸ್ ಆಗಿದೆ. ಚಾಲಕನಿಗೆ ಹಳೆಯ ದಾರಿ ಮಾತ್ರ ಗೊತ್ತು. ಅವನು ಅರ್ಧಕ್ಕೇ ತಿರುಗಿ ಹೋಗಿ, “ಆ ಊರಾಗ ಸಂಘನ ಇಲ್ಲ” ಎಂದು ವರದಿ ಕೊಟ್ಟರೆ ಹೇಗೆ? ಸಂಘವೂ ಇದೆ, ಕ್ಯಾನಿನಲ್ಲಿ ಹಾಲೂ ಇದೆ. ಇಲ್ಲದ್ದು ದಾರಿ ಬಲ್ಲ ಚಾಲಕ ಮಾತ್ರ. ಕಂಪ್ಯೂಟರಿನಲ್ಲಿಯೂ ಹೀಗೆಯೇ. ವಿಂಡೋಸಿಗೂ ಹಾರ್ಡ್ ಡಿಸ್ಕಿಗೂ ನಡುವೆ ಓಡಾಡುವ ಸಣ್ಣ ತಂತ್ರಾಂಶಕ್ಕೆ ‘ಡ್ರೈವರ್’ ಎಂದೇ ಹೆಸರು.

ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ. ಆಗ ಡಿಸ್ಕುಗಳನ್ನು ಜೋಡಿಸುತ್ತಿದ್ದ ವಿಧಾನಕ್ಕೆ ಐ.ಡಿ.ಇ. ಎನ್ನುತ್ತಿದ್ದರು. ಆಮೇಲೆ ಸಾಟಾ ಡಿಸ್ಕುಗಳು ಬಂದವು. ಅವುಗಳ ಜೊತೆ ವ್ಯವಹರಿಸುವ ಎ.ಎಚ್.ಸಿ.ಐ. ಎಂಬ ಕ್ರಮ 2004ರಲ್ಲಿ ಬಂತು. ಎಕ್ಸ್‌ಪಿಯ ಸಿ.ಡಿ.ಯಲ್ಲಿ ಇದರ ಡ್ರೈವರ್ ಇಲ್ಲ. ವಿಂಡೋಸ್ 7 ಬಂದದ್ದು 2009ರಲ್ಲಿ. ಅದು ಸಾಟಾ ಡಿಸ್ಕನ್ನು ಗುರುತಿಸುತ್ತದೆ. ಆದರೆ ಈಗಿನ ಲ್ಯಾಪ್‌ಟಾಪುಗಳಲ್ಲಿರುವ, ಚೂಯಿಂಗ್ ಗಮ್ ಪಟ್ಟಿಯಂಥ ಎನ್.ವಿ.ಎಂ.ಇ. ಡಿಸ್ಕಿನ ಕ್ರಮ ಪ್ರಕಟವಾದದ್ದು 2011ರಲ್ಲಿ. ತನಗಿಂತ ನಂತರ ಬಂದ ದಾರಿ ಹಳೆಯ ವಿಂಡೋಸಿಗೆ ಗೊತ್ತಿರುವುದಿಲ್ಲ. ಇದು ಡಿಸ್ಕಿನ ದೋಷವಲ್ಲ.

ಎಲ್ಲಕ್ಕಿಂತ ಮೊದಲು: ಲೆಕ್ಕದ ಪ್ರತಿ

ಯಾವುದನ್ನೂ ಮುಟ್ಟುವ ಮೊದಲು ಸದಸ್ಯರ ಲೆಕ್ಕವನ್ನು ಬೇರೆ ಕಡೆ ನಕಲು ಮಾಡಿಕೊಳ್ಳಬೇಕು. ಹಳೆಯ ಲ್ಯಾಪ್‌ಟಾಪ್ ಚಾಲೂ ಆಗುತ್ತಿದ್ದರೆ ತಂತ್ರಾಂಶದ ಇಡೀ ಫೋಲ್ಡರನ್ನು ಎರಡು ಬೇರೆ ಬೇರೆ ಪೆನ್ ಡ್ರೈವ್‌ಗಳಿಗೆ ನಕಲು ಮಾಡಿ, ಒಂದನ್ನು ಸಂಘದ ಕಪಾಟಿನಲ್ಲಿ, ಇನ್ನೊಂದನ್ನು ಬೇರೆ ಕಟ್ಟಡದಲ್ಲಿ ಇಡಿ. ಕೊನೆಯ ಬಟವಾಡೆಯ ಪಟ್ಟಿಯನ್ನು ಕಾಗದದ ಮೇಲೆ ಮುದ್ರಿಸಿಕೊಳ್ಳಿ.

ಹಳೆಯ ಲ್ಯಾಪ್‌ಟಾಪ್ ಚಾಲೂ ಆಗದಿದ್ದರೂ ಧೃತಿಗೆಡಬೇಕಾಗಿಲ್ಲ. ಅದರ ಡಿಸ್ಕನ್ನು ಬಿಚ್ಚಿ, ಯು.ಎಸ್.ಬಿ. ಪೆಟ್ಟಿಗೆಯಲ್ಲಿ ಹಾಕಿ ಬೇರೆ ಕಂಪ್ಯೂಟರಿಗೆ ಜೋಡಿಸಿದರೆ ಎಷ್ಟೋ ಸಲ ಲೆಕ್ಕ ಸಿಗುತ್ತದೆ. ಆದರೆ ಡಿಸ್ಕಿನಿಂದ ‘ಟಕ್ ಟಕ್’ ಸದ್ದು ಬರುತ್ತಿದ್ದರೆ ಕೂಡಲೇ ಕರೆಂಟ್ ತೆಗೆಯಿರಿ. ಅಂಥದನ್ನು ಮತ್ತೆ ಮತ್ತೆ ಚಾಲೂ ಮಾಡಿದಷ್ಟೂ ಹಾನಿ ಹೆಚ್ಚು.

ರಿಪೇರಿ ಅಂಗಡಿಗೆ ಕೊಡುವಾಗ, ‘ನಮ್ಮ ಒಪ್ಪಿಗೆಯಿಲ್ಲದೆ ಫಾರ್ಮ್ಯಾಟ್ ಮಾಡಬಾರದು’ ಎಂದು ರಸೀದಿಯ ಮೇಲೆ ಬರೆಸಿಕೊಳ್ಳಿ. ಈ ಒಂದು ಸಾಲು ವರ್ಷಗಳ ಲೆಕ್ಕವನ್ನು ಉಳಿಸೀತು.

ಪರೀಕ್ಷೆಯ ಕ್ರಮ

1. ಡಿಸ್ಕ್ ಬದುಕಿದೆಯೇ ನೋಡಿ. ಲ್ಯಾಪ್‌ಟಾಪ್ ಆರಿಸಿ, ಮತ್ತೆ ಚಾಲೂ ಮಾಡಿದ ಕೂಡಲೇ ಎಫ್2 ಗುಂಡಿಯನ್ನು ಒತ್ತುತ್ತಿರಿ. ಎಚ್.ಪಿ. ಆದರೆ ಎಫ್10, ಕೆಲವದರಲ್ಲಿ ಡಿಲೀಟ್ ಗುಂಡಿ. ಆಗ ಬಯಾಸ್ ಎಂಬ ಪರದೆ ತೆರೆಯುತ್ತದೆ. ಅದರಲ್ಲಿ ಡಿಸ್ಕಿನ ಹೆಸರು, ಅಳತೆ ಕಂಡರೆ ಡಿಸ್ಕಿಗೂ ಲ್ಯಾಪ್‌ಟಾಪಿಗೂ ಸಂಪರ್ಕ ಇದೆ ಎಂದರ್ಥ. ಹೊಸದು ಕೊಳ್ಳಲು ಅವಸರ ಮಾಡಬೇಡಿ. ಅಲ್ಲಿಯೂ ಕಾಣದಿದ್ದರೆ ಡಿಸ್ಕ್ ಸಡಿಲವಾಗಿರಬಹುದು, ಇಲ್ಲವೆ ನಿಜಕ್ಕೂ ಕೆಟ್ಟಿರಬಹುದು. ಕರೆಂಟ್ ಮತ್ತು ಬ್ಯಾಟರಿ ತೆಗೆಸಿ, ತಿಳಿದವರಿಂದ ಅದನ್ನು ಬಿಚ್ಚಿ ಮತ್ತೆ ಕೂರಿಸಿ ನೋಡಬೇಕು.

2. ಎಕ್ಸ್‌ಪಿ ಹಾಕುವುದಿದ್ದರೆ. ಬಯಾಸಿನಲ್ಲಿ ಸಾಟಾ ಮೋಡ್ ಎಂಬಲ್ಲಿ ಎ.ಎಚ್.ಸಿ.ಐ. ಎಂದಿದ್ದರೆ ಅದನ್ನು ಐ.ಡಿ.ಇ. ಅಥವಾ ಕಂಪ್ಯಾಟಿಬಲ್ ಎಂದು ಬದಲಿಸಿ, ಉಳಿಸಿ ಹೊರಬನ್ನಿ. ಹೊಸ ಡಿಸ್ಕ್ ಹಳೆಯ ದಾರಿಯಲ್ಲೇ ನಡೆದುಕೊಳ್ಳುತ್ತದೆ, ಎಕ್ಸ್‌ಪಿಗೆ ಕಾಣುತ್ತದೆ. ವೇಗ ಸ್ವಲ್ಪ ಕಡಿಮೆಯಾದರೂ ಹಾಲಿನ ಲೆಕ್ಕಕ್ಕೆ ಅದು ಬಾಧಕವಲ್ಲ. ಈ ಆಯ್ಕೆಯೇ ಇಲ್ಲದಿದ್ದರೆ, ಎಕ್ಸ್‌ಪಿ ಹಾಕುವ ಆರಂಭದಲ್ಲಿ ಎಫ್6 ಒತ್ತಿ ಫ್ಲಾಪಿಯಿಂದ ಡ್ರೈವರ್ ಕೊಡುವ ವ್ಯವಸ್ಥೆಯಿದೆ. ಈಗ ಫ್ಲಾಪಿ ಯಾರಲ್ಲೂ ಇಲ್ಲವಾದ್ದರಿಂದ ಡ್ರೈವರನ್ನು ಮೊದಲೇ ಸಿ.ಡಿ.ಯೊಳಗೆ ಸೇರಿಸಿ ಹೊಸ ಸಿ.ಡಿ. ತಯಾರಿಸಬೇಕಾಗುತ್ತದೆ. ಸಿ.ಡಿ. ಸರ್ವಿಸ್ ಪ್ಯಾಕ್ 3 ಇರುವುದಾಗಿರಲಿ. ಸರ್ವಿಸ್ ಪ್ಯಾಕ್ ಇಲ್ಲದ ಮೊದಲಿನ ಸಿ.ಡಿ.ಗೆ ಡಿಸ್ಕ್ ಎಷ್ಟೇ ದೊಡ್ಡದಿದ್ದರೂ 137 ಜಿ.ಬಿ. ಮಾತ್ರ ಕಾಣುತ್ತದೆ.

3. ವಿಂಡೋಸ್ 7 ಹಾಕುವುದಿದ್ದರೆ. ಇಲ್ಲಿ ಎರಡು ತೊಡಕುಗಳುಂಟು. ಒಂದು, ಎನ್.ವಿ.ಎಂ.ಇ. ಡಿಸ್ಕ್ ಕಾಣುವುದಿಲ್ಲ. ಎರಡು, ಯು.ಎಸ್.ಬಿ. 3.0 ಕಿಂಡಿ ಗೊತ್ತಿಲ್ಲದ ಕಾರಣ ಮೌಸ್, ಪೆನ್ ಡ್ರೈವ್ ನಡುವೆಯೇ ಕೆಲಸ ನಿಲ್ಲಿಸುತ್ತವೆ. ಆಗ ಪರದೆಯ ಮೇಲೆ ‘ಸಿ.ಡಿ. ಡ್ರೈವರ್ ಬೇಕು’ ಎಂದು ಬರುವುದುಂಟು. ಅದನ್ನು ನೋಡಿ ಡಿಸ್ಕ್ ಕೆಟ್ಟಿದೆ ಎಂದು ತಿಳಿಯಬಾರದು. ಮೊದಲು ಪೆನ್ ಡ್ರೈವನ್ನು ನೀಲಿ ಬಣ್ಣದ ಕಿಂಡಿಯಿಂದ ತೆಗೆದು ಕಪ್ಪು ಬಣ್ಣದ ಕಿಂಡಿಗೆ ಹಾಕಿ ನೋಡಿ. ಡಿಸ್ಕ್ ಕಾಣದಿದ್ದರೆ, ಲ್ಯಾಪ್‌ಟಾಪ್ ತಯಾರಕರ ತಾಣದಿಂದ ಅದೇ ಮಾದರಿಯ ಡ್ರೈವರ್ ಇಳಿಸಿ, ಬಿಡಿಸಿ, ಪೆನ್ ಡ್ರೈವಿನಲ್ಲಿಟ್ಟು ‘ಲೋಡ್ ಡ್ರೈವರ್’ ಎಂಬಲ್ಲಿ ತೋರಿಸಬೇಕು. ವಿಂಡೋಸ್ 64 ಬಿಟ್ ಆದರೆ ಡ್ರೈವರೂ 64 ಬಿಟ್‌ನದೇ ಆಗಿರಬೇಕು.

4. ಇತ್ತೀಚಿನ ಲ್ಯಾಪ್‌ಟಾಪ್ ಆಗಿದ್ದರೆ. ಇಂಟೆಲ್ 11ನೇ ತಲೆಮಾರಿನಿಂದ ಈಚಿನ ಹಲವು ಲ್ಯಾಪ್‌ಟಾಪುಗಳಲ್ಲಿ ವಿ.ಎಂ.ಡಿ. ಎಂಬ ಏರ್ಪಾಡಿದೆ. ಅದು ಚಾಲೂ ಇದ್ದರೆ ವಿಂಡೋಸ್ 10 ಮತ್ತು 11 ಹಾಕುವಾಗಲೂ ಡಿಸ್ಕ್ ಕಾಣದೇ ಹೋಗಬಹುದು. ಬಯಾಸಿನಲ್ಲಿ ವಿ.ಎಂ.ಡಿ. ಆಫ್ ಮಾಡಬೇಕು, ಇಲ್ಲವೆ ಇಂಟೆಲ್‌ನ ರ‍್ಯಾಪಿಡ್ ಸ್ಟೋರೇಜ್ ಡ್ರೈವರ್ ಕೊಡಬೇಕು. ಇಂಥ ಹೊಸ ಯಂತ್ರಕ್ಕೆ ಎಕ್ಸ್‌ಪಿ ಹಾಕುವ ಹಟ ಬೇಡ. ಡಿಸ್ಕ್ ಕಂಡರೂ ಉಳಿದ ಭಾಗಗಳಿಗೆ ಡ್ರೈವರ್ ದೊರೆಯುವುದಿಲ್ಲ.

ಮೂರು ಎಚ್ಚರಿಕೆಗಳು

ಬಯಾಸಿನಲ್ಲಿ ಏನು ಬದಲಿಸಿದರೂ ಮೊದಲು ಹೇಗಿತ್ತೆಂದು ಚೀಟಿಯಲ್ಲಿ ಬರೆದುಕೊಳ್ಳಿ. ಈಗಾಗಲೇ ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ಸಾಟಾ ಮೋಡ್ ಬದಲಿಸಿದರೆ ನೀಲಿ ಪರದೆ ಬಂದು ನಿಲ್ಲಬಹುದು. ಹಿಂದಿನಂತೆಯೇ ಮಾಡಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆದರೆ ಹಿಂದೆ ಏನಿತ್ತೆಂದು ಗೊತ್ತಿರಬೇಕಷ್ಟೆ.

ವಿಂಡೋಸ್ 10 ಅಥವಾ 11 ಇರುವ ಲ್ಯಾಪ್‌ಟಾಪಿಗೆ ಬಿಟ್‌ಲಾಕರ್ ಎಂಬ ಬೀಗ ಇರಬಹುದು. ಬಯಾಸ್ ಬದಲಿಸಿದ ಮೇಲೆ ಅದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಅದಿಲ್ಲದಿದ್ದರೆ ಒಳಗಿನ ಲೆಕ್ಕ ಸಿಗುವುದಿಲ್ಲ. ಮೊದಲೇ ಬರೆದಿಟ್ಟುಕೊಳ್ಳತಕ್ಕದ್ದು.

ಡಿಸ್ಕ್ ಕಂಡ ನಂತರ ‘ಈ ಡಿಸ್ಕ್ ಜಿ.ಪಿ.ಟಿ. ಮಾದರಿಯದು, ವಿಂಡೋಸ್ ಹಾಕಲಾಗದು’ ಎಂದು ಬಂದರೆ ಅದು ಬೇರೆಯೇ ವಿಷಯ. ಡಿಸ್ಕ್ ಕೆಟ್ಟಿಲ್ಲ, ಅದನ್ನು ಭಾಗ ಮಾಡಿದ ರೀತಿಗೂ ವಿಂಡೋಸ್ ಚಾಲೂ ಆಗುವ ರೀತಿಗೂ ಹೊಂದಿಕೆಯಿಲ್ಲ, ಅಷ್ಟೆ. ಇಲ್ಲಿ ಕೆಲವರು ಆತುರದಿಂದ ‘ಡಿಲೀಟ್’ ಒತ್ತಿಬಿಡುತ್ತಾರೆ. ಡಿಸ್ಕಿನಲ್ಲಿ ಲೆಕ್ಕವಿದ್ದರೆ ಅದೂ ಹೋಗುತ್ತದೆ. ಪ್ರತಿ ಇದೆ ಎಂದು ಖಾತ್ರಿಯಾಗುವವರೆಗೆ ಆ ಗುಂಡಿಯ ಹತ್ತಿರ ಹೋಗಬಾರದು.

ಹಳೆಯ ವಿಂಡೋಸ್ ಬೇಕೇ ಬೇಕೆ?

ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಕಂಪನಿಯ ಬೆಂಬಲ 2014ರ ಏಪ್ರಿಲ್ 8ಕ್ಕೆ, ವಿಂಡೋಸ್ 7ಕ್ಕೆ 2020ರ ಜನವರಿ 14ಕ್ಕೆ ಮುಗಿದಿದೆ. ವಿಂಡೋಸ್ 10ರ ಸಾಮಾನ್ಯ ಬೆಂಬಲವೂ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬೆಂಬಲವಿಲ್ಲದ ವಿಂಡೋಸಿನಲ್ಲಿ ಇಂಟರ್‌ನೆಟ್ ಬಳಸುವುದು ಲಸಿಕೆ ಹಾಕಿಸದ ಎಮ್ಮೆಯನ್ನು ಜಾತ್ರೆಗೆ ಹೊಡೆದುಕೊಂಡು ಹೋದಂತೆ. ಅದರಲ್ಲಿ ಸಂಘದ ಬ್ಯಾಂಕ್ ವ್ಯವಹಾರವನ್ನಂತೂ ಮಾಡಲೇಬಾರದು. ಆದುದರಿಂದ ಈ ಕ್ರಮದಲ್ಲಿ ವಿಚಾರಿಸಿ:

ಅ) ತಂತ್ರಾಂಶ ಕೊಟ್ಟವರಲ್ಲಿ ಹೊಸ ವಿಂಡೋಸಿಗೆ ಹೊಂದುವ ಆವೃತ್ತಿ ಇದೆಯೇ? ಇದ್ದರೆ ಅದೇ ಉತ್ತಮ.

ಆ) ಇಲ್ಲದಿದ್ದರೆ ಹಳೆಯ ತಂತ್ರಾಂಶವನ್ನೇ ಹೊಸ ವಿಂಡೋಸಿನಲ್ಲಿ ‘ಕಂಪ್ಯಾಟಿಬಿಲಿಟಿ’ ಆಯ್ಕೆಯೊಂದಿಗೆ ಹಾಕಿ ನೋಡಿ. 32 ಬಿಟ್‌ನ ತಂತ್ರಾಂಶಗಳು ಎಷ್ಟೋ ಸಲ ನಡೆಯುತ್ತವೆ. ತೀರಾ ಹಳೆಯ 16 ಬಿಟ್ ಮತ್ತು ಡಾಸ್ ತಂತ್ರಾಂಶಗಳು 64 ಬಿಟ್ ವಿಂಡೋಸಿನಲ್ಲಿ ನೇರವಾಗಿ ನಡೆಯುವುದಿಲ್ಲ.

ಇ) ಅದೂ ಆಗದಿದ್ದರೆ ವರ್ಚುಯಲ್‌ಬಾಕ್ಸ್‌ನಂಥ ಉಚಿತ ತಂತ್ರಾಂಶದಿಂದ ಹೊಸ ವಿಂಡೋಸಿನೊಳಗೆ ಒಂದು ಕಾಲ್ಪನಿಕ ಹಳೆಯ ಕಂಪ್ಯೂಟರನ್ನು ಸೃಷ್ಟಿಸಿ, ಸಂಘದ ಬಳಿ ಇರುವ ಅಧಿಕೃತ ಎಕ್ಸ್‌ಪಿಯನ್ನು ಅದರಲ್ಲಿ ಹಾಕಬಹುದು. ಎಕ್ಸ್‌ಪಿಗೆ ಗೊತ್ತಿರುವ ಹಳೆಯ ಐ.ಡಿ.ಇ. ಡಿಸ್ಕನ್ನೇ ಅದು ಎದುರಿಗೆ ಇಡುವುದರಿಂದ ‘ಡಿಸ್ಕ್ ಇಲ್ಲ’ ಎಂಬ ತಕರಾರೇ ಏಳುವುದಿಲ್ಲ. ತೂಕದ ಯಂತ್ರ ಮತ್ತು ಹಾಲು ಪರೀಕ್ಷಾ ಯಂತ್ರದ ಸೀರಿಯಲ್ ವೈರನ್ನು ಯು.ಎಸ್.ಬಿ. ಪರಿವರ್ತಕದ ಮೂಲಕ ಜೋಡಿಸಿ, ಆ ಕಿಂಡಿಯನ್ನು ಎಕ್ಸ್‌ಪಿಗೆ ಒಪ್ಪಿಸಬಹುದು. ಈ ಕಾಲ್ಪನಿಕ ಕಂಪ್ಯೂಟರಿಗೆ ಇಂಟರ್‌ನೆಟ್ ಕೊಡಬೇಡಿ.

ಇವು ಮೂರೂ ಆಗದಾಗ ಮಾತ್ರ, ಎಕ್ಸ್‌ಪಿ ಅಥವಾ ವಿಂಡೋಸ್ 7 ಒಪ್ಪುವ ಹಳೆಯ ಲ್ಯಾಪ್‌ಟಾಪಿಗೆ ಅದನ್ನು ನೇರವಾಗಿ ಹಾಕಿಸಿರಿ.

ಯಾವಾಗ ಮಾಡಿಸಬೇಕು?

ಬಟವಾಡೆ ಮುಗಿದ ಮರುದಿನ, ಬೆಳಗಿನ ಹಾಲು ಶೇಖರಣೆಯ ನಂತರ ಕೆಲಸ ಆರಂಭಿಸಿರಿ. ಬಟವಾಡೆಯ ಅವಧಿಯ ನಡುವೆ ಬೇಡ. ಕುಷ್ಟಗಿ, ಯಲಬುರ್ಗಾ ಕಡೆಯ ಒಳ ಹಳ್ಳಿಗಳಿಂದ ರಿಪೇರಿ ಅಂಗಡಿಗೆ ಹೋಗಿ ಬರುವುದರಲ್ಲೇ ಒಂದು ದಿನ ಕಳೆಯುತ್ತದೆ. ಅಷ್ಟು ಹೊತ್ತಿಗೆ ಕೈಬರಹದ ಪುಸ್ತಕ ಸಿದ್ಧವಿರಲಿ. ಹೊಸ ವ್ಯವಸ್ಥೆ ಚಾಲೂ ಆದ ಮೇಲೂ ಒಂದು ಬಟವಾಡೆಯವರೆಗೆ ಪುಸ್ತಕ ಮತ್ತು ಕಂಪ್ಯೂಟರ್ ಎರಡರಲ್ಲಿಯೂ ಬರೆದು ತಾಳೆ ನೋಡಿರಿ. ಸದಸ್ಯರ ಸಂಖ್ಯೆ, ಹಸು–ಎಮ್ಮೆ ಹಾಲಿನ ದರಪಟ್ಟಿ, ದಿನಾಂಕ ಈ ಮೂರನ್ನು ವಿಶೇಷವಾಗಿ ಪರಿಶೀಲಿಸಿರಿ.

ಸದಸ್ಯರ ಪಾತ್ರ

ಕಂಪ್ಯೂಟರ್ ಬಾರದವರೂ ಮಾಡಬಹುದಾದ ಕೆಲಸಗಳಿವೆ. ಹಾಲು ಹಾಕಿದಾಗ ಬರುವ ಚೀಟಿಯನ್ನು ಬಟವಾಡೆ ಕೈಸೇರುವವರೆಗೆ ಎಸೆಯಬೇಡಿ; ಡಿಸ್ಕ್ ಹೋದರೂ ನಿಮ್ಮ ಹಾಲಿಗೆ ಅದೇ ಸಾಕ್ಷಿ. ಮುಂದಿನ ಸಭೆಯಲ್ಲಿ ಆಡಳಿತ ಮಂಡಳಿಯವರನ್ನು ಮೂರು ಪ್ರಶ್ನೆ ಕೇಳಿ: ನಮ್ಮ ಲೆಕ್ಕದ ಪ್ರತಿ ಎಲ್ಲಿದೆ? ಅದನ್ನು ಕೊನೆಯ ಸಲ ತೆಗೆದದ್ದು ಯಾವಾಗ? ಪಾಸ್‌ವರ್ಡ್ ಕಾರ್ಯದರ್ಶಿಗಲ್ಲದೆ ಮತ್ಯಾರಿಗೆ ಸಿಗುವಂತಿದೆ? ಮೊಹರು ಮಾಡಿದ ಲಕೋಟೆಯಲ್ಲಿ ಅದನ್ನು ಬರೆದು ಅಧ್ಯಕ್ಷರ ಬಳಿ ಇಡುವುದು ಒಳ್ಳೆಯ ಪದ್ಧತಿ.

ಲ್ಯಾಪ್‌ಟಾಪ್ ಇಂದಲ್ಲ ನಾಳೆ ಕೆಡುವ ವಸ್ತು. ಹಣ ಕೊಟ್ಟರೆ ಮತ್ತೊಂದು ಬರುತ್ತದೆ. ಲೆಕ್ಕ ಹೋದರೆ ಮತ್ತೆ ಬಾರದು. ‘ಡಿಸ್ಕ್ ಕಾಣುತ್ತಿಲ್ಲ’ ಎಂಬ ಮಾತು ಕೇಳಿದಾಗ ಹೊಸ ಡಿಸ್ಕಿನ ಬೆಲೆ ಆಮೇಲೆ ವಿಚಾರಿಸಿರಿ, “ಬಯಾಸಿನಲ್ಲಿ ಕಾಣುತ್ತದೆಯೇ?” ಎಂದು ಮೊದಲು ಕೇಳಿರಿ.