ಪರೀಕ್ಷೆ ಹತ್ತಿರ ಬಂದಾಗ ಬರುವ ‘ಫಿಟ್ಸ್’

ದ್ವಿತೀಯ ಪಿಯುಸಿ ಓದುತ್ತಿದ್ದ ಹುಡುಗಿಯೊಬ್ಬಳನ್ನು ಫೆಬ್ರುವರಿಯ ಒಂದು ಸಂಜೆ ಮೂರು ನಾಲ್ಕು ಮಂದಿ ಎತ್ತಿಕೊಂಡು ನನ್ನ ಕ್ಲಿನಿಕ್ಕಿಗೆ ತಂದರು. ಕಣ್ಣು ಬಿಗಿಯಾಗಿ ಮುಚ್ಚಿತ್ತು. ಕೈಕಾಲು ಅದುರುತ್ತಿದ್ದವು, ತಲೆ ಅತ್ತಿಂದಿತ್ತ ಹೊರಳುತ್ತಿತ್ತು. ಮುಷ್ಟಿಯಲ್ಲಿ ಯಾರೋ ತುರುಕಿದ್ದ ಬೀಗದ ಕೈ. ಇಪ್ಪತ್ತು ನಿಮಿಷದಿಂದ ಹೀಗೆಯೇ ಇದ್ದಾಳೆ ಎಂದರು. ತಂದೆ ಚೀಲದಿಂದ ಕಾಗದಗಳನ್ನು ತೆಗೆದರು. ಎರಡು ಇಇಜಿ, ಒಂದು ಎಂಆರ್‌ಐ, ಯಾವುದರಲ್ಲೂ ದೋಷವಿಲ್ಲ. ಆರು ತಿಂಗಳಿಂದ ಫಿಟ್ಸ್ ಮಾತ್ರೆ ನಡೆಯುತ್ತಿದ್ದರೂ ಫಿಟ್ಸ್ ಹೆಚ್ಚುತ್ತಲೇ ಇದೆ. ಅಜ್ಜಿಯ ಪ್ರಕಾರ ಗಾಳಿ ಸೋಕಿದೆ. ದೊಡ್ಡಪ್ಪ ಮಾತ್ರ ನನ್ನ ಕಿವಿಯ ಬಳಿ ಬಂದು, “ಓದೋಕೆ ಮನಸ್ಸಿಲ್ಲ ಡಾಕ್ಟ್ರೇ, ಎಲ್ಲಾ ನಾಟಕ” ಎಂದರು.

ನಾಡಿ, ಉಸಿರಾಟ, ರಕ್ತದ ಸಕ್ಕರೆ ಎಲ್ಲ ಸರಿಯಾಗಿದ್ದವು. ರೆಪ್ಪೆ ಬಿಡಿಸಲು ಹೋದರೆ ಇನ್ನಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳು. ತಾಯಿಯೊಬ್ಬರನ್ನು ಉಳಿಸಿಕೊಂಡು ಮಿಕ್ಕವರನ್ನು ಹೊರಗೆ ಕಳಿಸಿದೆ. “ನಿನಗೇನೂ ಅಪಾಯವಿಲ್ಲಮ್ಮಾ, ಇದು ತಾನಾಗಿಯೇ ಇಳಿಯುತ್ತದೆ, ನಿಧಾನವಾಗಿ ಉಸಿರು ಬಿಡು” ಎಂದು ಮೆಲ್ಲಗೆ ಹೇಳುತ್ತಾ ಕುಳಿತೆ. ಹತ್ತು ನಿಮಿಷದಲ್ಲಿ ಅದುರುವುದು ನಿಂತಿತು. ಅವಳು ಅತ್ತಳು.

ಇದು ಮೂರ್ಛೆರೋಗವಲ್ಲ. ಗಾಳಿಯೂ ಅಲ್ಲ. ನಾಟಕವಂತೂ ಅಲ್ಲವೇ ಅಲ್ಲ. ವೈದ್ಯರು ಇದನ್ನು ಡಿಸೋಸಿಯೇಷನ್ ಎನ್ನುತ್ತಾರೆ. ಮನಸ್ಸಿನ ಕೊಂಡಿ ಕಳಚುವುದು ಎಂದಿಟ್ಟುಕೊಳ್ಳೋಣ. ನಮ್ಮ ಗಮನ, ನೆನಪು, ದೇಹದ ಚಲನೆ, ‘ನಾನು’ ಎಂಬ ಭಾವ ಇವೆಲ್ಲ ಸಾಮಾನ್ಯವಾಗಿ ಒಟ್ಟಿಗೆ ಸಾಗುತ್ತವೆ. ಏನೋ ಯೋಚಿಸುತ್ತಾ ಸೈಕಲ್ ತುಳಿದು ಮನೆ ತಲುಪಿದ ಮೇಲೆ ದಾರಿಯೇ ನೆನಪಿಗೆ ಬಾರದಿರುವುದು ನಿಮಗೂ ಆಗಿರಬಹುದು. ಅದು ಕೊಂಡಿ ಸ್ವಲ್ಪ ಸಡಿಲವಾದಾಗ ಆಗುವ ಅನುಭವ. ತಡೆಯಲಾರದ ಒತ್ತಡ, ಹೇಳಿಕೊಳ್ಳಲಾಗದ ಭಯ ಇದ್ದಾಗ ಕೆಲವರಲ್ಲಿ ಅದು ಪೂರಾ ಕಳಚುತ್ತದೆ. ಒಬ್ಬರಿಗೆ ಫಿಟ್ಸ್‌ನಂತೆ ಬರುತ್ತದೆ. ಇನ್ನೊಬ್ಬರಿಗೆ ಇದ್ದಕ್ಕಿದ್ದಂತೆ ಧ್ವನಿ ಹೋಗುತ್ತದೆ ಅಥವಾ ಕಾಲು ಸ್ವಾಧೀನ ತಪ್ಪುತ್ತದೆ. ಮತ್ತೊಬ್ಬ ಹುಡುಗ, “ಪುಸ್ತಕದ ಮುಂದೆ ಕೂತಿರೋದು ನಾನಲ್ಲ, ಬೇರೆ ಯಾರೋ ಅನಿಸುತ್ತೆ ಸಾರ್. ಸುತ್ತ ಇರೋದೆಲ್ಲ ಗಾಜಿನ ಆಚೆ ಇದ್ದ ಹಾಗೆ” ಎಂದಿದ್ದ. ತನಗೆ ಹುಚ್ಚು ಹಿಡಿಯುತ್ತಿದೆ ಎಂದು ಹೆದರಿ ಅವನು ಅದನ್ನು ಯಾರಿಗೂ ಹೇಳಿರಲಿಲ್ಲ. ಅದು ಹುಚ್ಚಲ್ಲ.

ಹಿಂದೆ ಇದನ್ನೆಲ್ಲ ಹಿಸ್ಟೀರಿಯಾ ಎನ್ನುತ್ತಿದ್ದರು. ಗರ್ಭಕೋಶ ಎಂಬರ್ಥದ ಗ್ರೀಕ್ ಪದದಿಂದ ಬಂದ ಹೆಸರದು. ಹೆಣ್ಣುಮಕ್ಕಳ ತಲೆಗೇ ಕಟ್ಟಿದ್ದಾಯಿತು. ಗಂಡುಹುಡುಗರಿಗೂ ಇದು ಬರುತ್ತದೆ. ಮನಸ್ಸಿನ ಭಾಗಗಳು ಬೇರ್ಪಡುವುದರಿಂದ ಹೀಗಾಗುತ್ತದೆ ಎಂದು ಫ್ರಾನ್ಸಿನ ಪಿಯರ್ ಜಾನೆ 1889ರಲ್ಲೇ ಬರೆದಿದ್ದರು. ವಿಶ್ವ ಆರೋಗ್ಯ ಸಂಸ್ಥೆ 1992ರ ತನ್ನ ರೋಗಗಳ ಪಟ್ಟಿಯಲ್ಲಿ ಇದನ್ನು ಡಿಸೋಸಿಯೇಟಿವ್ ಕಾಯಿಲೆಗಳೆಂದೇ ಕರೆಯಿತು.

ನಾನೂ ತಪ್ಪು ಮಾಡಿದವನೇ. ಹೌಸ್ ಸರ್ಜನ್ ಆಗಿದ್ದಾಗ ಇಂಥ ಹುಡುಗಿ ಬಂದರೆ ಮೂಗಿಗೆ ಅಮೋನಿಯ ಹಿಡಿಯುತ್ತಿದ್ದೆವು. ‘ಸ್ಟ್ರಾಂಗ್ ಇಂಜೆಕ್ಷನ್’ ಎಂದು ಹೇಳಿ ಬರೀ ಡಿಸ್ಟಿಲ್ಡ್ ವಾಟರ್ ಚುಚ್ಚುತ್ತಿದ್ದೆವು. ಎಚ್ಚರವಾದಳೆಂದು ನಮ್ಮ ನಮ್ಮಲ್ಲೇ ನಗುತ್ತಿದ್ದೆವು. ಅವಳಿಗೆ ಏನು ಸಂಕಟವಿತ್ತೆಂದು ನಾನು ಒಮ್ಮೆಯೂ ಕೇಳಲಿಲ್ಲ. ಇಂದಿಗೂ ಕೆಲವು ಕಡೆ ಈ ಪದ್ಧತಿ ಇದೆ. ಅದು ಚಿಕಿತ್ಸೆಯಲ್ಲ, ಶಿಕ್ಷೆ.

ಒಂದು ಎಚ್ಚರಿಕೆ. ಇದು ಮನಸ್ಸಿನದೋ ಮಿದುಳಿನದೋ ಎಂದು ಮನೆಯವರೇ ತೀರ್ಮಾನಿಸಬಾರದು. ಮೂರ್ಛೆರೋಗದಲ್ಲಿ ಸಾಮಾನ್ಯವಾಗಿ ಕಣ್ಣು ತೆರೆದಿರುತ್ತದೆ, ಒಂದೆರಡು ನಿಮಿಷದಲ್ಲಿ ಸೆಳೆತ ನಿಲ್ಲುತ್ತದೆ, ನಾಲಿಗೆಯ ಅಂಚು ಕಚ್ಚಿಹೋಗಬಹುದು, ನಿದ್ದೆಯಲ್ಲೂ ಬರಬಹುದು. ಆದರೆ ಇಇಜಿ ಸರಿಯಿದ್ದ ಮಾತ್ರಕ್ಕೆ ಮೂರ್ಛೆರೋಗ ಇಲ್ಲವೆನ್ನಲಾಗದು. ಕೆಲವರಲ್ಲಿ ಎರಡೂ ಇರುತ್ತವೆ. ಮೊದಲ ಸಲ ಫಿಟ್ಸ್ ಬಂದರೆ, ಅಥವಾ ಐದು ನಿಮಿಷ ದಾಟಿದರೆ ಆಸ್ಪತ್ರೆಗೆ ಒಯ್ಯಲೇಬೇಕು. ಮೊಬೈಲಿನಲ್ಲಿ ತೆಗೆದ ಒಂದು ನಿಮಿಷದ ವಿಡಿಯೊ ವೈದ್ಯರಿಗೆ ಎಷ್ಟೋ ವೇಳೆ ಸ್ಕ್ಯಾನಿಗಿಂತ ಹೆಚ್ಚು ಹೇಳುತ್ತದೆ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ಥಟ್ಟನೆ ನಿಲ್ಲಿಸಬೇಡಿ; ವೈದ್ಯರೇ ಹಂತಹಂತವಾಗಿ ಇಳಿಸಬೇಕು.

ಇನ್ನು ಚಿಕಿತ್ಸೆ. “ಏನೂ ಇಲ್ಲ, ಎಲ್ಲಾ ನಾರ್ಮಲ್” ಎಂದು ಹೇಳಿ ಕಳಿಸುವುದು ಚಿಕಿತ್ಸೆಯಲ್ಲ. ಏನಾಗುತ್ತಿದೆ ಎಂಬುದನ್ನು ರೋಗಿಗೆ ಅರ್ಥವಾಗುವಂತೆ ವಿವರಿಸುವುದೇ ಮೊದಲ ಮದ್ದು. ನಂತರ ಮುನ್ಸೂಚನೆ ಗುರುತಿಸುವುದನ್ನು ಕಲಿಸುತ್ತಾರೆ. ನಮ್ಮ ಹುಡುಗಿಗೆ ಮೊದಲು ಎದೆ ಬಡಿತ ಏರುತ್ತಿತ್ತು, ಆಮೇಲೆ ಬೆರಳು ಜುಮ್ಮೆನ್ನುತ್ತಿದ್ದವು. ಆತಂಕದಲ್ಲಿ ಬೇಗ ಬೇಗ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ. ಜುಮ್ಮೆನ್ನುವುದು, ತಲೆ ಹಗುರಾಗುವುದು, ಕೈ ಸೆಟೆದುಕೊಳ್ಳುವುದು ಅದರಿಂದಲೇ. ಆ ಗಳಿಗೆಯಲ್ಲಿ ನಾಲ್ಕು ಎಣಿಸುತ್ತಾ ಉಸಿರೆಳೆದು ಆರು ಎಣಿಸುತ್ತಾ ಬಿಡುವುದು, ಪಾದವನ್ನು ನೆಲಕ್ಕೆ ಒತ್ತುವುದು, ತಣ್ಣೀರಿನ ಲೋಟ ಹಿಡಿಯುವುದು, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಹೇಳಿಕೊಳ್ಳುವುದು, ಹೀಗೆ ಗಮನವನ್ನು ಹೊರಕ್ಕೆ ತಂದರೆ ಕೊಂಡಿ ಮತ್ತೆ ಸಿಕ್ಕಿಕೊಳ್ಳಲು ಸಹಾಯವಾಗುತ್ತದೆ.

ಮೂರನೆಯದು ಕಷ್ಟದ್ದು. ಹೆದರಿದ್ದನ್ನು ದೂರವಿಟ್ಟಷ್ಟೂ ಹೆದರಿಕೆ ಬೆಳೆಯುತ್ತದೆ. ಕಾಲೇಜು ಬಿಡಿಸಿ ಮನೆಯಲ್ಲಿ ಕೂರಿಸಿದರೆ ಮರಳಿ ಹೋಗುವುದು ಇನ್ನೂ ಕಠಿಣ. ಮೊದಲ ದಿನ ಗೇಟಿನವರೆಗೆ, ಮರುದಿನ ಖಾಲಿ ತರಗತಿಯಲ್ಲಿ ಹತ್ತು ನಿಮಿಷ, ಆಮೇಲೆ ಗಡಿಯಾರ ಇಟ್ಟುಕೊಂಡು ಒಂದು ಹಳೆಯ ಪ್ರಶ್ನೆಪತ್ರಿಕೆ. ಜೊತೆಗೆ ‘ಫೇಲಾದರೆ ಮುಗಿಯಿತು’ ಎಂಬಂಥ ಯೋಚನೆಗಳನ್ನು ಒಂದೊಂದಾಗಿ ಒರೆಗೆ ಹಚ್ಚುವುದು. ಇದೇ ಕಾಗ್ನಿಟಿವ್ ಬಿಹೇವಿಯರ್ ಥೆರಪಿ. ಇದು ಪವಾಡವಲ್ಲ. 2020ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ, 368 ವಯಸ್ಕರ ಮೇಲಿನ ಅಧ್ಯಯನದಲ್ಲಿ ವರ್ಷದ ಕೊನೆಗೆ ಫಿಟ್ಸ್‌ಗಳ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಆದರೆ ಈ ಚಿಕಿತ್ಸೆ ಪಡೆದವರು ಫಿಟ್ಸ್ ಇಲ್ಲದೆ ಹೆಚ್ಚು ಕಾಲ ಇರಬಲ್ಲವರಾದರು, ದಿನನಿತ್ಯದ ಬಾಳು ಸುಧಾರಿಸಿತು. ವಿದ್ಯಾರ್ಥಿಗೆ ಬೇಕಾದದ್ದೂ ಮುಖ್ಯವಾಗಿ ಅದೇ ಅಲ್ಲವೇ? ಆತಂಕ ಅಥವಾ ಖಿನ್ನತೆ ತೀವ್ರವಾಗಿದ್ದರೆ ಮನೋವೈದ್ಯರು ಮಾತ್ರೆಯನ್ನೂ ಕೊಡುತ್ತಾರೆ.

ಅರ್ಧ ಚಿಕಿತ್ಸೆ ಮನೆಯವರ ಕೈಯಲ್ಲಿದೆ. ಫಿಟ್ಸ್ ಬಂದಾಗ ಪಕ್ಕಕ್ಕೆ ಮಲಗಿಸಿ, ಪೆಟ್ಟು ಬೀಳದಂತೆ ನೋಡಿಕೊಳ್ಳಿ. ಗುಂಪು ಸೇರಬೇಡಿ. ಕೈ ಹಿಡಿದು ಅದುಮಬೇಡಿ, ಈರುಳ್ಳಿ, ಚಪ್ಪಲಿ, ಕಬ್ಬಿಣ ಬೇಡ. ಬಯ್ಯಬೇಡಿ. ಫಿಟ್ಸ್ ಬಂದಾಗ ಮಾತ್ರ ಮಗಳ ಸುತ್ತ ಮನೆಯೆಲ್ಲ ನೆರೆದು, ಉಳಿದ ಹೊತ್ತು ‘ಓದಿದೆಯಾ?’ ಎಂಬ ಒಂದೇ ಪ್ರಶ್ನೆ ಕೇಳುವ ಮನೆಗಳನ್ನು ನಾನು ಕಂಡಿದ್ದೇನೆ. ಅದನ್ನು ತಿರುವುಮುರುವು ಮಾಡಬೇಕು.

ವೈದ್ಯರು ಮಗುವಿನೊಡನೆ ಒಂಟಿಯಾಗಿ ಮಾತನಾಡಲು ಕೇಳಿದರೆ ದಯವಿಟ್ಟು ಒಪ್ಪಿಕೊಳ್ಳಿ. ಹಿಂಸೆ, ರ‍್ಯಾಗಿಂಗ್, ಮನೆಯ ಜಗಳ, ಲೈಂಗಿಕ ಕಿರುಕುಳ ಇಂಥವು ನಾಲ್ಕು ಜನರ ಮುಂದೆ ಬಾಯಿಗೆ ಬರುವುದಿಲ್ಲ. ನಮ್ಮ ಹುಡುಗಿಯ ವಿಷಯ ಅಷ್ಟು ಘೋರವಾಗಿರಲಿಲ್ಲ. ಅವಳಿಗೆ ವಿಜ್ಞಾನ ಬೇಡವಾಗಿತ್ತು. ಅಣ್ಣ ಎಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟಿದ್ದರಿಂದ ಮನೆಯ ಆಸೆಯೆಲ್ಲ ಅವಳ ಮೇಲಿತ್ತು. ಇದನ್ನು ಹೇಳಲು ಅವಳಿಗೆ ಮೂರು ಭೇಟಿ ಬೇಕಾದವು. ತಂದೆಗೆ ಒಪ್ಪಲು ಇನ್ನೂ ಹೆಚ್ಚು. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರ ಬಳಿ ನಾಲ್ಕು ತಿಂಗಳು ಹೋಗಿಬಂದಳು. ಆ ಮಾರ್ಚ್‌ನಲ್ಲಿ ಎರಡೇ ಪತ್ರಿಕೆ ಬರೆದಳು, ಉಳಿದವನ್ನು ಮರುಪರೀಕ್ಷೆಯಲ್ಲಿ ಮುಗಿಸಿದಳು. ಈಗ ಬಿ.ಎ. ಓದುತ್ತಿದ್ದಾಳೆ. ನಡುವೆ ಎರಡು ಸಲ ಬಂತಂತೆ, ತಾನೇ ಕುಳಿತು ಸುಧಾರಿಸಿಕೊಂಡಳಂತೆ.

ಹತ್ತಿರದಲ್ಲಿ ಮನೋವೈದ್ಯರಿಲ್ಲದವರು ಕೇಂದ್ರ ಸರ್ಕಾರ 2022ರ ಅಕ್ಟೋಬರ್‌ನಲ್ಲಿ ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಬಹುದು. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು. ಮಗು ‘ಸಾಯ್ತೀನಿ’ ಎಂದು ಒಂದೇ ಒಂದು ಸಲ ಅಂದಿದ್ದರೂ ನಾಳೆಗೆ ಕಾಯಬೇಡಿ, ಅಂದೇ ಮಾಡಿ.