ಬುಲೆಟ್ಟಿನಿಂದಿಳಿದು ಎರಡು ದಿನ

ಮೋಟಾರು ಸೈಕಲ್ಲಿನ ವಿಷಯವಾಗಿ ಲೇಖನ ಬರೆಯುವುದು ನಮ್ಮ ವಯಸ್ಸಿಗೂ ವ್ಯಾಸಂಗಕ್ಕೂ ತಕ್ಕುದಲ್ಲವೆಂದು ಕೆಲವು ಓದುಗರಿಗೆ ತೋರಬಹುದು. ಮಠದ ಪಾಠಶಾಲೆಯಲ್ಲಿ ವ್ಯಾಕರಣ, ಛಂದಸ್ಸು ಕಲಿತು, ಬದುಕಿನ ಬಹುಭಾಗವನ್ನು ಶಾಸನಗಳ ಬೆನ್ನು ಹತ್ತಿ ಕಳೆದವರಿಗೆ ಎಂಜಿನ್ನಿನ ಮಾತೇಕೆ? ಆದರೆ ಆ ಶಾಸನಗಳ ಬೆನ್ನು ಹತ್ತಿದ್ದು ಕಾಲ್ನಡಿಗೆಯಿಂದಲ್ಲ, ಬುಲೆಟ್ಟಿನ ಮೇಲೆ. 1988ರಲ್ಲಿ ಕೊಂಡ ಆ ವಾಹನ ಇಂದಿಗೂ ಧಾರವಾಡದ ನಮ್ಮ ಮನೆಯ ಅಂಗಳದಲ್ಲಿದೆ. ಪಡಿಯಚ್ಚು ತೆಗೆಯುವ ಕಾಗದದ ಸುರುಳಿ, ಮಸಿಯ ಡಬ್ಬಿ, ಬ್ರಷ್ಷು, ಎರಡು ದಿನಕ್ಕಾಗುವಷ್ಟು ರೊಟ್ಟಿಯ ಗಂಟು, ಇಷ್ಟನ್ನು ಕ್ಯಾರಿಯರಿಗೆ ಬಿಗಿದುಕೊಂಡು ಲಕ್ಕುಂಡಿ, ಇಟಗಿ, ಬನವಾಸಿ, ಬಳ್ಳಿಗಾವಿಗಳನ್ನು ನಾವು ಕಂಡದ್ದು ಅದರ ಬೆನ್ನ ಮೇಲೆಯೇ. ಅದು ಅವಸರ ಮಾಡುವ ವಾಹನವಲ್ಲ. ನಮಗೂ ಅವಸರವಿರಲಿಲ್ಲ.

ಅಂಥ ನಾವು ಕಳೆದ ವರ್ಷ ದೀಪಾವಳಿಯ ತರುವಾಯ ಎರಡು ದಿನ ಒಂದು ಕ್ರೀಡಾ ಮೋಟಾರು ಸೈಕಲ್ಲನ್ನು, ಹುಡುಗರು ಸ್ಪೋರ್ಟ್ಸ್ ಬೈಕ್ ಎನ್ನುವ ಜಾತಿಯದನ್ನು, ನಡೆಸಿ ನೋಡಬೇಕಾಗಿ ಬಂದಿತು. ಕುತೂಹಲ ಇರಲಿಲ್ಲವೆಂದರೆ ಸುಳ್ಳಾದೀತು. ಆದರೆ ಕುತೂಹಲವೊಂದೇ ಕಾರಣವಲ್ಲ.

ನಮ್ಮ ಅಕ್ಕನ ಮೊಮ್ಮಗ ಎಂಜಿನಿಯರಿಂಗ್ ಕಾಲೇಜಿನ ಎರಡನೆಯ ವರ್ಷದಲ್ಲಿದ್ದಾನೆ. ವಯಸ್ಸು 20. ಅಂಥದೊಂದು ವಾಹನ ಬೇಕೆಂದು ಆರು ತಿಂಗಳಿನಿಂದ ಹಟ ಹಿಡಿದಿದ್ದ. ಅವನ ತಂದೆ, ಎಂದರೆ ನಮ್ಮ ಸೋದರಳಿಯ, ಒಂದು ಸಂಜೆ ನಮ್ಮನ್ನು ಮನೆಗೆ ಕರೆಸಿಕೊಂಡು, "ಮಾಮಾ, ನೀವು ಒಂದು ಮಾತು ಹೇಳ್ರಿ. ಕೊಡಸಂದ್ರ ಕೊಡಸ್ತೀನಿ, ಬ್ಯಾಡಂದ್ರ ಬಿಡ್ತೀನಿ. ನಿಮ್ಮ ಮಾತು ಅಂವ ಮೀರೂದಿಲ್ಲ" ಎಂದ. ಅಕ್ಕ ಅಲ್ಲಿಯೇ ಗೋಡೆಗೊರಗಿ ಕುಳಿತಿದ್ದಳು. ಒಂದು ಮಾತನ್ನೂ ಆಡಲಿಲ್ಲ. ಅವಳ ಮುಂದಿದ್ದ ಚಹಾ ಹಾಗೆಯೇ ಆರಿಹೋಯಿತು.

ಆ ಮೌನದ ಅರ್ಥ ಆ ಮನೆಯಲ್ಲಿ ಎಲ್ಲರಿಗೂ ಗೊತ್ತು. 1995ರಲ್ಲಿ ಇದೇ ಅಳಿಯನ ತಮ್ಮ, ಅಕ್ಕನ ಕಿರಿಯ ಮಗ, ಹುಬ್ಬಳ್ಳಿಯ ದಾರಿಯಲ್ಲಿ ಒಂದು ಹಗುರವಾದ, ಚುರುಕಾದ ಮೋಟಾರು ಸೈಕಲ್ಲಿನಿಂದ ಬಿದ್ದು ತೀರಿಕೊಂಡ. 21 ವರ್ಷ. ತಲೆಗೆ ಹೆಲ್ಮೆಟ್ ಇರಲಿಲ್ಲ. ಆ ದಿನಗಳಲ್ಲಿ ನಮ್ಮ ಕಡೆ ಯಾರ ತಲೆಯ ಮೇಲೂ ಇರುತ್ತಿರಲಿಲ್ಲ. ಆಗಲೂ ಮನೆಯವರು ಕೇಳಿದ್ದು ನಮ್ಮನ್ನೇ. "ಬುಲೆಟ್ಟಿಗಿಂತ ಸಣ್ಣ ಗಾಡಿ, ಅಂಜಿಕೆ ಏನು, ಕೊಡಿಸಿರಿ" ಎಂದವರೂ ನಾವೇ. ಆ ವಾಹನದ ಮೇಲೆ ನಾವು ಒಮ್ಮೆಯೂ ಕುಳಿತಿರಲಿಲ್ಲ. ಎರಡು ಚಕ್ರವುಳ್ಳದ್ದೆಲ್ಲ ಒಂದೇ, ತೂಕ ಕಡಿಮೆಯಾದರೆ ಅಪಾಯವೂ ಕಡಿಮೆ ಎಂದು ಎಣಿಸಿದ್ದೆವು. ಅದಕ್ಕಾಗಿ ಅಕ್ಕ ನಮ್ಮನ್ನು ಒಂದು ದಿನವೂ ಆಡಿಲ್ಲ. ಆಡಿದ್ದರೆ ಒಳ್ಳೆಯದಿತ್ತೇನೋ.

ಆದ್ದರಿಂದ ಅಳಿಯನಿಗೆ, "ನಡೆಸಿ ನೋಡದೆ ಈ ಸಲ ಮಾತು ಕೊಡುವುದಿಲ್ಲ" ಎಂದು ಹೇಳಿ ಎದ್ದು ಬಂದೆವು.

ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ, ಈಗ ಕಾಲೇಜಿನಲ್ಲಿ ಅಧ್ಯಾಪಕ, ಟಿವಿಎಸ್ ಅಪಾಚೆ ಆರ್‌ಆರ್ 310 ಇಟ್ಟುಕೊಂಡಿದ್ದಾನೆ. ನಮ್ಮ ರಾಜ್ಯದ ಗಡಿಯಾಚೆಗಿನ ಹೊಸೂರಿನಲ್ಲಿ ತಯಾರಾಗುವ ಈ ವಾಹನ, ಜರ್ಮನಿಯ ಬಿಎಂಡಬ್ಲ್ಯು ಸಂಸ್ಥೆಯ ಸಹಯೋಗದಿಂದ ಹುಟ್ಟಿ 2017ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ಬಂದದ್ದು. ಅವನಲ್ಲಿದ್ದುದು 2020ರ ಮಾದರಿ. ನಾವು ಕೇಳಿದಾಗ ಅವನಿಗೆ ಮೊದಲು ನಗು ಬಂತು, ಆಮೇಲೆ ಚಿಂತೆ ಬಂತು. "ಗುರುಗಳ, ಗೇರು ಎಡಗಾಲಿಗೆ ಐತ್ರಿ, ನೆನಪಿರ್ಲಿ" ಎಂದು ಮೂರು ಸಲ ಹೇಳಿ ಕೀಲಿ ಕೊಟ್ಟ.

ಈ ಎಚ್ಚರಿಕೆಯ ಮಹತ್ವವನ್ನು ಇಂದಿನ ಹುಡುಗರಿಗೆ ಬಿಡಿಸಿ ಹೇಳಬೇಕು. ಎರಕದ ಕಬ್ಬಿಣದ ಎಂಜಿನ್ನಿನ ಹಳೆಯ ಬುಲೆಟ್ಟಿನಲ್ಲಿ ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಅಷ್ಟೇ ಅಲ್ಲ, ಮೊದಲನೆಯ ಗೇರು ಮೇಲಕ್ಕೆ, ಉಳಿದ ಮೂರು ಕೆಳಕ್ಕೆ. ಇಂದಿನ ವಾಹನಗಳಲ್ಲಿ ಎಡಬಲವೂ ಅದಲುಬದಲು, ಮೇಲುಕೆಳಗೂ ಅದಲುಬದಲು. ಇಂಗ್ಲೆಂಡಿನ ರೆಡಿಚ್ಚಿನಿಂದ ಬಂದ ವಿನ್ಯಾಸವನ್ನು 1955ರಲ್ಲಿ ಸ್ಥಾಪಿತವಾದ ಮದರಾಸಿನ ಎನ್‌ಫೀಲ್ಡ್ ಕಾರ್ಖಾನೆ ದಶಕಗಳ ಕಾಲ ಹೆಚ್ಚು ಬದಲಿಸದೆ ಉಳಿಸಿಕೊಂಡು ಬಂದುದರಿಂದ, ನಮ್ಮಂಥವರ ಕಾಲುಗಳು ಆ ಪಾಠವನ್ನೇ ಬಾಯಿಪಾಠ ಮಾಡಿಕೊಂಡಿವೆ. ಬುದ್ಧಿಗೆ ಹೊಸದನ್ನು ಹೇಳಿಕೊಡಬಹುದು. ಪಾದಕ್ಕೆ ಹೇಳಿಕೊಡುವುದು ಕಷ್ಟ.

ಎರಡು ಎಂಜಿನ್ನುಗಳ ಸ್ವಭಾವವೂ ಬೇರೆ. ಬುಲೆಟ್ಟಿನ ಸಿಲಿಂಡರಿನ ಅಗಲ 70 ಮಿಲಿಮೀಟರ್, ಪಿಸ್ಟನ್ನಿನ ಓಡಾಟ 90 ಮಿಲಿಮೀಟರ್. ನೀಳವಾದ ಓಡಾಟ, ಆದುದರಿಂದ ನಿಧಾನವಾದ, ಆಳವಾದ ಉಸಿರು. 346 ಸಿಸಿಯ ಆ ಎಂಜಿನ್ನಿನಿಂದ ಸುಮಾರು 18 ಅಶ್ವಶಕ್ತಿ ಮಾತ್ರ ದೊರೆತರೂ, ತೀರ ಕೆಳಗಿನ ವೇಗದಲ್ಲಿಯೇ ಅದು ಎಳೆಯತೊಡಗುತ್ತದೆ. ಅಪಾಚೆಯದರಲ್ಲಿ ಅಗಲ 80, ಓಡಾಟ 62.1. ಗಾತ್ರ 312 ಸಿಸಿ, ಎಂದರೆ ಬುಲೆಟ್ಟಿಗಿಂತ ಸಣ್ಣದು. ಶಕ್ತಿ 34 ಅಶ್ವಶಕ್ತಿ, ಹತ್ತಿರ ಹತ್ತಿರ ಎರಡರಷ್ಟು. ಆದರೆ ಆ ಶಕ್ತಿಯೆಲ್ಲ ಕೈಗೆ ಬರುವುದು ಎಂಜಿನ್ನು ನಿಮಿಷಕ್ಕೆ 9700 ಸುತ್ತು ತಿರುಗಿದಾಗ. ಇದರ ಸಿಲಿಂಡರನ್ನು ಹಿಂದಕ್ಕೆ ವಾಲಿಸಿ ಕೂರಿಸಿದ್ದಾರೆ. ಗಾಳಿ ಮುಂದಿನಿಂದ ಹೊಕ್ಕು ಹೊಗೆ ಹಿಂದಿನಿಂದ ಹೊರಡುತ್ತದೆ, ಬೇರೆ ಗಾಡಿಗಳಿಗೆ ತಿರುವುಮುರುವಾಗಿ. ತೂಕ ಮುಂದಕ್ಕೆ ಬಂದು ಗಾಡಿ ತಿರುವುಗಳಲ್ಲಿ ಚುರುಕಾಗಲೆಂಬುದು ಇದರ ಉದ್ದೇಶ.

ಮೊದಲ ದಿನ ಊರೊಳಗೇ ಸುತ್ತಿದೆವು. ನಿಜ ಹೇಳಬೇಕೆಂದರೆ ಅದೊಂದು ಶಿಕ್ಷೆ. ಬುಲೆಟ್ಟಿನಲ್ಲಿ ನಾವು ಕುರ್ಚಿಯಲ್ಲಿ ಕುಳಿತಂತೆ ಕೂರುತ್ತೇವೆ. ಇದರಲ್ಲಿ ನಡುವನ್ನು ಬಗ್ಗಿಸಿ, ಮೊಣಕಾಲನ್ನು ಹಿಂದಕ್ಕೆ ಮಡಿಚಿ, ಕೈಗಳ ಮೇಲೆ ಭಾರ ಬಿಟ್ಟು ಕೂರಬೇಕು. ಸಪ್ತಾಪುರದಿಂದ ಜ್ಯುಬಿಲಿ ಸರ್ಕಲ್ಲಿಗೆ ಬರುವುದರೊಳಗೆ ಮಣಿಕಟ್ಟು ನೋಯತೊಡಗಿತು, ಬರೆಯುವ ಕೈಯ ಎರಡು ಬೆರಳು ಜೋಮು ಹಿಡಿದವು. ಕನ್ನಡಿಯಲ್ಲಿ ಹಿಂದಿನ ರಸ್ತೆಗಿಂತ ನಮ್ಮ ಮೊಣಕೈಯೇ ಹೆಚ್ಚು ಕಾಣುತ್ತಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಪಕ್ಕದ ಸ್ಕೂಟರಿನ ಹುಡುಗಿ ನಮ್ಮ ಬಿಳಿಯ ಗಡ್ಡವನ್ನೂ ವಾಹನವನ್ನೂ ಎರಡೆರಡು ಸಲ ನೋಡಿದಳು.

ಮನೆಗೆ ಬಂದಾಗ ನಮ್ಮ ಮನೆಯವರು ಗಾಡಿಯನ್ನು ಒಂದು ಸುತ್ತು ಬಂದು, ಅಂಗೈಯಷ್ಟು ಅಗಲದ ಎತ್ತರದ ಹಿಂದಿನ ಆಸನವನ್ನು ಮುಟ್ಟಿ ನೋಡಿ, "ಇದರ ಮ್ಯಾಲೆ ಕೂಡೂದಕ್ಕಿಂತ ಅಟ್ಟದ ಮ್ಯಾಲೆ ಹತ್ತಿ ಕೂಡೂದು ಚಲೋ" ಎಂದರು. ಈ ಜಾತಿಯ ವಾಹನಗಳೆಲ್ಲ ಹೀಗೆಯೇ. ಅವು ಒಬ್ಬನಿಗಾಗಿ ಹುಟ್ಟಿದವು. ಕಾಗದದ ಸುರುಳಿ ಕಟ್ಟಲಿಕ್ಕೂ ಅಲ್ಲಿ ಜಾಗವಿಲ್ಲ.

ಎರಡನೆಯ ದಿನ ನಸುಕಿನಲ್ಲಿ ಹಳಿಯಾಳದ ರಸ್ತೆ ಹಿಡಿದೆವು. ಊರು ದಾಟಿ ವೇಗ 60ಕ್ಕೇರುತ್ತಿದ್ದಂತೆ ನಿನ್ನೆಯ ಶಿಕ್ಷೆ ಎಲ್ಲಿ ಹೋಯಿತೋ ತಿಳಿಯದು. ಎದುರುಗಾಳಿ ಎದೆಯನ್ನು ಕೆಳಗಿನಿಂದ ಎತ್ತಿ ಹಿಡಿದು ಕೈಗಳ ಭಾರವನ್ನು ಇಳಿಸಿತು. ಟ್ಯಾಂಕನ್ನು ಎರಡು ತೊಡೆಗಳಿಂದ ಅವುಚಿ ಹಿಡಿದರೆ ಮಣಿಕಟ್ಟು ಹಗುರಾಗುತ್ತದೆಂಬುದೂ ಆಗ ಹೊಳೆಯಿತು. ಕುದುರೆ ಸವಾರಿ ಬಲ್ಲವರಿಗೆ ಇದು ಹೊಸದಾಗಿರಲಾರದು.

ತಿರುವುಗಳ ಮಾತನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಬುಲೆಟ್ಟನ್ನು ತಿರುವಿಗೆ ಒಲಿಸಬೇಕು. ಮೊದಲೇ ಹೇಳಿ, ಮೈಯಿಂದ ಒತ್ತಿ, ಎತ್ತಿನ ಗಾಡಿಯನ್ನು ಹೊರಳಿಸುವಂತೆ ಹೊರಳಿಸಬೇಕು. ಇದು ಹಾಗಲ್ಲ. ವೇಗದಲ್ಲಿರುವ ಎರಡು ಚಕ್ರದ ವಾಹನ ಬಲಕ್ಕೆ ತಿರುಗಬೇಕಾದರೆ ಬಲಗಡೆಯ ಹಿಡಿಕೆಯನ್ನು ಮುಂದಕ್ಕೆ ತುಸುವೇ ಒತ್ತಬೇಕು. ಚಕ್ರ ಕ್ಷಣಮಾತ್ರ ಎಡಕ್ಕೆ ಹೊರಳಿ, ಗಾಡಿ ಬಲಕ್ಕೆ ವಾಲಿ, ಆ ವಾಲಿಕೆಯಿಂದಲೇ ತಿರುಗುತ್ತದೆ. ಮೂವತ್ತೈದಕ್ಕೂ ಹೆಚ್ಚು ವರ್ಷ ಇದನ್ನು ಅರಿಯದೆಯೇ ಮಾಡುತ್ತ ಬಂದಿದ್ದೆವು. ಈ ವಾಹನದಲ್ಲಿ ಅದು ಅರಿವಿಗೆ ಬಂದಿತು, ಏಕೆಂದರೆ ಇಲ್ಲಿ ಬೆರಳ ತುದಿಯ ಒತ್ತಡಕ್ಕೂ ಉತ್ತರ ಬರುತ್ತದೆ. ಮೂರು ನಾಲ್ಕು ತಿರುವುಗಳು ಕಳೆದ ಮೇಲೆ ನಾವು ಮುಂದಿನ ತಿರುವು ಯಾವಾಗ ಬರುವುದೋ ಎಂದು ಕಾಯತೊಡಗಿದೆವು. ಹೆಲ್ಮೆಟ್ಟಿನೊಳಗೆ ನಗುತ್ತಿದ್ದೆವೆಂಬುದು ಗೊತ್ತಾದಾಗ ನಾಚಿಕೆಯೂ ಆಯಿತು.

ಹಾಗೆ ಕಾಯುತ್ತ ಒಮ್ಮೆ ವೇಗದ ಅಂಕೆಗಳನ್ನು ನೋಡಿದರೆ 94! ನಮ್ಮ ಎಣಿಕೆಯಲ್ಲಿ 65 ಇರಬಹುದಾಗಿತ್ತು. ಬುಲೆಟ್ಟು 70 ದಾಟುತ್ತಲೇ ಪಾದದಿಂದ ಹಲ್ಲಿನವರೆಗೆ ನಡುಗಿ ಸವಾರನಿಗೆ ಸುದ್ದಿ ಮುಟ್ಟಿಸುತ್ತದೆ. ಇದು ಏನನ್ನೂ ಹೇಳುವುದಿಲ್ಲ. ಮುಂಗವಚ ಗಾಳಿಯನ್ನು ತಡೆಯುತ್ತದೆ, ಎಂಜಿನ್ನು ಇನ್ನೂ ಅರ್ಧ ಶಕ್ತಿಯನ್ನು ಉಳಿಸಿಕೊಂಡಿರುತ್ತದೆ, ಚಾಸಿ ಅಲುಗುವುದಿಲ್ಲ. ತಾಸಿಗೆ 50 ಕಿಲೋಮೀಟರ್ ವೇಗದಲ್ಲಿ ಒಂದು ಸೆಕೆಂಡಿಗೆ ಸುಮಾರು 14 ಮೀಟರ್ ಹೋಗುತ್ತೇವೆ. 94ರಲ್ಲಿ 26 ಮೀಟರ್. ಬ್ರೇಕು ಹಾಕಿದ ಮೇಲೆ ಓಡುವ ದೂರವಂತೂ ವೇಗದ ವರ್ಗಕ್ಕೆ ತಕ್ಕಂತೆ ಬೆಳೆಯುತ್ತದೆ: ವೇಗ ಎರಡರಷ್ಟಾದರೆ ದೂರ ನಾಲ್ಕರಷ್ಟು. ಈ ಲೆಕ್ಕ ನಮಗೆ ಗೊತ್ತಿತ್ತು. 1995ರ ಹುಡುಗನಿಗೂ ಗೊತ್ತಿತ್ತು, ಗಣಿತದಲ್ಲಿ ಅವನು ಜಾಣ.

ವೇಗ ಇಳಿಸಿದೆವು. 70ರ ಆಸುಪಾಸಿನಲ್ಲಿ ಬರುತ್ತಿರುವಾಗ ಮುಂದೆ ರಸ್ತೆಯ ಎಡಭಾಗದಲ್ಲಿ ಗೋವಿನಜೋಳವನ್ನು ಒಣಗಲು ಹರವಿದ್ದರು. ಸುಗ್ಗಿಯಲ್ಲಿ ನಮ್ಮ ಕಡೆಯ ರಸ್ತೆಗಳೇ ಕಣಗಳಾಗುತ್ತವೆ. ರೈತನಿಗೆ ಬೇರೆ ಡಾಂಬರು ನೆಲ ಎಲ್ಲಿದೆ? ಬಲಕ್ಕೆ ಸರಿದೆವು. ಅದೇ ಗಳಿಗೆಗೆ ಬಲಗಡೆಯ ಹೊಲದ ದಾರಿಯಿಂದ ಟ್ರ್ಯಾಕ್ಟರೊಂದು ಹೇರು ಸಮೇತ ರಸ್ತೆಗೆ ಮೂತಿ ಚಾಚಿತು.

ಬಲಗೈ ಮುಂದಿನ ಬ್ರೇಕನ್ನು ಹಿಡಿಯಿತು. ಎಡಗಾಲು, ಮೂವತ್ತೈದು ವರ್ಷಗಳ ಪಾಠವನ್ನು ಒಪ್ಪಿಸುತ್ತ, ಬ್ರೇಕೆಂದು ತಿಳಿದು ಗೇರಿನ ಪೆಡಲನ್ನು ಬಲವಾಗಿ ತುಳಿಯಿತು. ಗಾಡಿ ಒಂದು ಗೇರು ಕೆಳಗಿಳಿದು ಎಂಜಿನ್ನು ಒಮ್ಮೆಲೇ ಒದರಿತು. ಹಳೆಯ ವಾಹನವಾಗಿದ್ದರೆ ಹಿಂದಿನ ಚಕ್ರ ಕಚ್ಚಿಕೊಂಡು ಜಾರಬಹುದಾಗಿತ್ತು. ಇದರಲ್ಲಿ ಆ ಹಿಮ್ಮುಖ ಎಳೆತವನ್ನು ಸಡಿಲಿಸುವ ಸ್ಲಿಪ್ಪರ್ ಕ್ಲಚ್ಚಿದೆ, ಚಕ್ರ ಕಚ್ಚದಂತೆ ಕಾಯುವ ಎಬಿಎಸ್ ಇದೆ. ಹಿಡಿಕೆಯಲ್ಲಿ ಎಬಿಎಸ್ಸಿನ ಮಿಡಿತ ಎದ್ದಿತು, ಜೋಳದ ನಾಲ್ಕು ಕಾಳು ಸಿಡಿದವು, ಟ್ರ್ಯಾಕ್ಟರಿನ ದೊಡ್ಡ ಗಾಲಿಯಿಂದ ಎರಡು ಮಾರು ಈಚೆಗೆ ನಿಂತೆವು. ಚಾಲಕ ಇಳಿದು ಬಂದು, ಹೆಲ್ಮೆಟ್ ತೆಗೆದ ನಮ್ಮ ಮುಖ ನೋಡಿ, "ಅಜ್ಜಾರ, ಈ ವಯಸ್ಸಿನ್ಯಾಗ ಇದ್ಯಾಕ ಬೇಕಿತ್ರಿ?" ಎಂದ. ಉತ್ತರ ಹೊಳೆಯಲಿಲ್ಲ. ಅವನ ಹೇರಿನ ನೆರಳಿನಲ್ಲಿಯೇ ಕುಳಿತು, ಅವನು ಕೊಟ್ಟ ನೀರು ಕುಡಿದು, ಕೈನಡುಕ ನಿಲ್ಲುವವರೆಗೆ ಕಾದೆವು.

ಆ ಸಂಜೆ ಅಳಿಯನ ಮನೆಯಲ್ಲಿ ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಿದೆವು. ನಕ್ಕದ್ದನ್ನೂ ಹೇಳಿದೆವು, ಎಡಗಾಲಿನ ತಪ್ಪನ್ನೂ ಹೇಳಿದೆವು. ವಾಹನ ಕೆಟ್ಟದ್ದಲ್ಲ, 1995ರಲ್ಲಿ ಇಂಥ ಬ್ರೇಕುಗಳು ನಮ್ಮ ಕೈಗೆ ಸಿಗುವಂತಿರಲಿಲ್ಲ. 125 ಸಿಸಿ ಮೀರಿದ ಗಾಡಿಗಳಿಗೆ ನಮ್ಮ ದೇಶದಲ್ಲಿ ಎಬಿಎಸ್ ಕಡ್ಡಾಯವಾದದ್ದೇ 2019ರ ಏಪ್ರಿಲಿನಿಂದ. ಆದರೆ ಲೈಸೆನ್ಸಿನ ಕ್ರಮ ಹಳೆಯದೇ. ಹದಿನೆಂಟು ತುಂಬಿ ಗೇರು ಗಾಡಿಯ ಲೈಸೆನ್ಸ್ ಪಡೆದವನು 100 ಸಿಸಿಯದನ್ನೂ ನಡೆಸಬಹುದು, ಮರುದಿನವೇ 1000 ಸಿಸಿಯದನ್ನೂ ನಡೆಸಬಹುದು. ಐರೋಪ್ಯ ಒಕ್ಕೂಟದಲ್ಲಿ ಹಾಗಿಲ್ಲ. ಮೊದಲು 125 ಸಿಸಿಯವರೆಗಿನ ಹಗುರ ವಾಹನ, ಆಮೇಲೆ 35 ಕಿಲೋವ್ಯಾಟ್ ಮೀರದ ನಡುವಿನ ವರ್ಗ, ಅದರಲ್ಲಿ ಎರಡು ವರ್ಷ ಕಳೆದ ಮೇಲೆ ದೊಡ್ಡದು, ಹೀಗೆ ಮೆಟ್ಟಿಲುಗಳಿವೆ. ನಮ್ಮಲ್ಲಿ ಸರಕಾರ ಕಟ್ಟದ ಮೆಟ್ಟಿಲನ್ನು ಮನೆಯವರೇ ಕಟ್ಟಬೇಕಾಗಿದೆ.

ಹುಡುಗ ಬಾಗಿಲ ಮರೆಯಲ್ಲಿ ನಿಂತು ಕೇಳುತ್ತಿದ್ದ. ಅವನನ್ನು ಕರೆದು ನಮ್ಮ ಶರತ್ತುಗಳನ್ನು ಹೇಳಿದೆವು. ಹೆಲ್ಮೆಟ್, ಕೈಗವಸು, ಜಾಕೆಟ್ ಮೊದಲು, ಗಾಡಿ ಆಮೇಲೆ. ಆ ವಾಹನದಲ್ಲಿ ಶಕ್ತಿಯನ್ನು 34ರಿಂದ 25ರ ಚಿಲ್ಲರೆಗೆ ಇಳಿಸುವ ಮಳೆಗಾಲದ ಮೋಡು ಇದೆ. ಮೊದಲ ಆರು ತಿಂಗಳು ಬಿಸಿಲಿರಲಿ ಮಳೆಯಿರಲಿ ಅದೇ. ಹಿಂದೆ ಯಾರನ್ನೂ ಕೂರಿಸಕೂಡದು. ಇಷ್ಟಕ್ಕೂ ಮುನ್ನ ಒಂದು ಚಳಿಗಾಲ ನಮ್ಮ ಬುಲೆಟ್ಟಿನ ಮೇಲೆ ನಮ್ಮನ್ನು ಹಿಂದೆ ಕೂರಿಸಿಕೊಂಡು ಶಾಸನಗಳಿದ್ದ ಊರುಗಳಿಗೆ ಬರಬೇಕು, ಅವನು ಹೇಗೆ ನಡೆಸುತ್ತಾನೆಂಬುದನ್ನು ನಾವು ನೋಡಬೇಕು. ಇಷ್ಟಾಗಿಯೂ ಕೊಡಿಸುವುದು ಬಿಡುವುದು ಅವನ ಅಜ್ಜಿಯ ಮಾತು, ನಮ್ಮದಲ್ಲ ಎಂದೆವು.

ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಗಾಲಿಯಿಂದ ಎರಡು ಮಾರು ಅಂದಿ?" ಎಂದಳು.

"ಹೌದಕ್ಕ."

"ನೀ ಇನ್ನ ಅದನ್ನ ಹತ್ತಬ್ಯಾಡ," ಎಂದಳು. ಮೊಮ್ಮಗನ ವಿಷಯ ಆ ದಿನ ಹೇಳಲಿಲ್ಲ, ಇಂದಿಗೂ ಹೇಳಿಲ್ಲ.

ಮುಂದಿನ ಭಾನುವಾರ ಬೆಳಿಗ್ಗೆ ಹುಡುಗ ಹೇಳದೆ ಕೇಳದೆ ನಮ್ಮ ಅಂಗಳಕ್ಕೆ ಬಂದ. ಅಂಗಡಿಯ ಚೀಟಿ ಇನ್ನೂ ಅಂಟಿದ್ದ ಹೊಸ ಹೆಲ್ಮೆಟ್ ಕಂಕುಳಲ್ಲಿತ್ತು. ಬುಲೆಟ್ಟನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿಕೊಂಡು ಹದಿನೇಳು ಸಲ ಕಿಕ್ ಹೊಡೆದ. ಅದು ಕೆಮ್ಮಲೂ ಇಲ್ಲ. ಬೆವರಿ ನಿಂತವನಿಗೆ ಆಮೀಟರಿನ ಮುಳ್ಳನ್ನು ತೋರಿಸಿ, ಡಿಕಂಪ್ರೆಸರ್ ಹಿಡಿದು ಮುಳ್ಳು ನಡುವಿಗೆ ಬರುವಂತೆ ಕಿಕ್ಕನ್ನು ಮೆಲ್ಲನೆ ಇಳಿಸುವುದನ್ನು, ಆಮೇಲೆ ಕೈಬಿಟ್ಟು ಒಂದೇ ತುಳಿತಕ್ಕೆ ಇಳಿಸುವುದನ್ನು ಕಲಿಸಿದೆವು. ಹದಿನೆಂಟನೆಯದಕ್ಕೆ ಹಿಡಿಯಿತು. ಅವನು ಬಲಗಾಲಿನಿಂದ ಬ್ರೇಕನ್ನು ಹುಡುಕುತ್ತಿದ್ದ.