ಎಳೆಯುವ ಮೊದಲು ಒಳಗೆ ತಳ್ಳಿ

ಯೂಟ್ಯೂಬಿನಲ್ಲಿ ಪೆಟ್ರೋಲ್ ಪೈಪ್ ಬಿಚ್ಚುವುದು ಹತ್ತು ಸೆಕೆಂಡಿನ ಕೆಲಸ. ಎರಡು ಬೆರಳಲ್ಲಿ ಲಾಕ್ ಒತ್ತುತ್ತಾರೆ, ಎಳೆಯುತ್ತಾರೆ, ಮುಗೀತು. ಆದರೆ ಅವರ ಬೈಕು ಹೊಸದು. ನಮ್ಮ ಮನೆಯ ಬೈಕು ನಾಲ್ಕು ಮಳೆಗಾಲ ಕಂಡಿದೆ, ನಮ್ಮೂರಿನ ಅಷ್ಟೂ ಧೂಳು ಕುಡಿದಿದೆ. ಅದರ ಪೈಪು ಹಾಗೆಲ್ಲ ಮಾತು ಕೇಳುವುದಿಲ್ಲ.

2020ರ ಏಪ್ರಿಲ್ 1ರಿಂದ ಬಿಎಸ್-6 ಬಂತಲ್ಲ, ಆಮೇಲೆ ನಮ್ಮ ಬೈಕುಗಳಲ್ಲಿ ಕಾರ್ಬುರೇಟರ್ ಹೋಗಿ ಫ್ಯುಯೆಲ್ ಇಂಜೆಕ್ಷನ್ ಬಂತು. ಮೊದಲಾದರೆ ಟ್ಯಾಂಕಿನ ಕೆಳಗೆ ಒಂದು ಕಾಕ್, ಅದಕ್ಕೆ ರಬ್ಬರ್ ಪೈಪು, ಒಂದು ಸ್ಪ್ರಿಂಗ್ ಕ್ಲಿಪ್ಪು. ಕಾಕ್ ತಿರುಗಿಸಿದರೆ ಪೆಟ್ರೋಲ್ ನಿಂತೇ ಹೋಗುತ್ತಿತ್ತು. ಈಗ ಟ್ಯಾಂಕಿನೊಳಗೇ ಪಂಪ್ ಇದೆ. ಪೈಪಿನಲ್ಲಿ ಸುಮಾರು 3 ಬಾರ್ ಒತ್ತಡ, ಅಂದರೆ 43 ಪಿಎಸ್‌ಐ. ಬೈಕಿನ ಟೈರಿಗೆ ನಾವು ಹಾಕಿಸುವುದು 30ರ ಆಸುಪಾಸು ಎಂದರೆ ಅಂದಾಜು ಸಿಗಬಹುದು. ಕೀ ಆಫ್ ಮಾಡಿದ ಮೇಲೂ ಈ ಒತ್ತಡ ಒಳಗೇ ಇರುತ್ತದೆ. ಹಾಗೇ ಕಿತ್ತರೆ ಪೆಟ್ರೋಲ್ ತೊಟ್ಟಿಕ್ಕುವುದಿಲ್ಲ, ನೇರ ಮುಖಕ್ಕೆ ಚಿಮ್ಮುತ್ತದೆ.

ನಮಗೆ ಟ್ಯಾಂಕ್ ಇಳಿಸಬೇಕಾಗಿ ಬಂದದ್ದು ನೀರಿನಿಂದ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಬೆರೆಸಿರುತ್ತಾರೆ, ಅದು ನೀರನ್ನು ಎಳೆದುಕೊಳ್ಳುತ್ತದೆ. ನೀರು ಮಿತಿ ಮೀರಿದರೆ ಎರಡೂ ಸೇರಿ ಪೆಟ್ರೋಲಿನಿಂದ ಬೇರೆಯಾಗಿ ತಳದಲ್ಲಿ ಕೂರುತ್ತವೆ. ಪಂಪ್ ಹೀರುವುದೂ ತಳದಿಂದಲೇ. ಬೈಕು ಸ್ಟಾರ್ಟ್ ಆಗಿ ಎರಡು ನಿಮಿಷಕ್ಕೆ ಕೆಮ್ಮಿ ನಿಲ್ಲುತ್ತಿತ್ತು. ಚಿಕ್ಕಪ್ಪನ ಮಗ ಆ ಬೈಕಿನಲ್ಲೇ ಫುಡ್ ಡೆಲಿವರಿ ಮಾಡುವುದು. ಗ್ಯಾರೇಜಿನಲ್ಲಿ ಎರಡು ದಿನ ನಿಂತರೆ ಅವನಿಗೆ ಎರಡು ದಿನದ ದುಡಿಮೆ ಇಲ್ಲ, ಮೇಲೆ ಲೇಬರ್ ಚಾರ್ಜ್ ಬೇರೆ. ಹಾಗಾಗಿ ಭಾನುವಾರ ಬೆಳಿಗ್ಗೆ ನಾವೇ ಕೂತೆವು.

ಕೂತದ್ದು ಅಂಗಳದಲ್ಲಿ, ಶೆಡ್ಡಿನೊಳಗಲ್ಲ. ಪೆಟ್ರೋಲಿನ ಆವಿ ಗಾಳಿಗಿಂತ ಭಾರ, ಮೇಲೇರದೆ ನೆಲದ ಮೇಲೆ ಹರಡಿಕೊಂಡು ಕಿಡಿ ಎಲ್ಲಿದೆ ಎಂದು ಹುಡುಕುತ್ತದೆ. ಅದು ಹೊತ್ತಿಕೊಳ್ಳಲು ಬಿಸಿಲೇ ಬೇಕಿಲ್ಲ, ಮೈನಸ್ 40 ಡಿಗ್ರಿ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅದಕ್ಕೇ ಇಂಜಿನ್ ಪೂರ್ತಿ ತಣ್ಣಗಾಗಿರಬೇಕು. ಪಕ್ಕದಲ್ಲಿ ಒಂದು ಬಕೆಟ್ ಒಣ ಮರಳು ಇಟ್ಟುಕೊಂಡೆವು. ಪೆಟ್ರೋಲ್ ಬೆಂಕಿಗೆ ನೀರು ಸುರಿದರೆ ಅದು ನೀರಿನ ಮೇಲೇ ತೇಲಿ ಹರಡುತ್ತದೆ.

ಟ್ಯಾಂಕಿನ ಹಿಂದಿನ ಬೋಲ್ಟ್ ಬಿಚ್ಚಿ, ಸ್ವಲ್ಪ ಎತ್ತಿ, ಕೆಳಗೊಂದು ಮರದ ತುಂಡು ಕೊಟ್ಟು, ಮೊದಲು ಪಂಪಿನ ವೈರ್ ಕಪ್ಲರ್ ತೆಗೆದೆವು. ಆಮೇಲೆ ಸ್ಟಾರ್ಟ್ ಮಾಡಿದರೆ ಪೈಪಿನಲ್ಲಿ ಉಳಿದದ್ದನ್ನು ಕುಡಿದು ಇಂಜಿನ್ ತಾನೇ ನಿಲ್ಲುತ್ತದೆ. ಮತ್ತೊಮ್ಮೆ ಸೆಲ್ಫ್ ಹೊಡೆದು, ಕೀ ತೆಗೆದು, ಬ್ಯಾಟರಿಯ ನೆಗೆಟಿವ್ ಬಿಚ್ಚಿ, ಟ್ಯಾಂಕ್ ಮುಚ್ಚಳ ಒಮ್ಮೆ ತೆರೆದು ಹಾಕಿದೆವು. ಇಷ್ಟಕ್ಕೆ ಹತ್ತು ನಿಮಿಷ. ಪೈಪಿಗೆ ಮುಕ್ಕಾಲು ಗಂಟೆ.

ಲಾಕ್ ಒತ್ತಿ ಎಳೆದರೆ ಅಲುಗಾಡಲೇ ಇಲ್ಲ. ತಮ್ಮ ಕಟಿಂಗ್ ಪ್ಲೇಯರ್ ತರಲು ಎದ್ದ. ಗೇಟಿನ ಹತ್ತಿರ ನಿಂತು ನೋಡುತ್ತಿದ್ದ ನಮ್ಮ ಬೀದಿಯ ಮೆಕ್ಯಾನಿಕ್ ಅಣ್ಣ ಅಲ್ಲಿಂದಲೇ ಕೂಗಿದರು: “ಲೇ, ಪ್ಲೇಯರ್ ಮುಟ್ಬೇಡ್ರೋ, ಪ್ಲಾಸ್ಟಿಕ್ ಅದು! ಎಳೀಬೇಡ, ಮೊದ್ಲು ಒಳಗೆ ತಳ್ಳು.”

ಕೇಳಿದರೆ ತಲೆಕೆಳಗು ಎನಿಸುತ್ತದೆ. ಒಳಗಿನ ರಚನೆ ಗೊತ್ತಾದರೆ ಸರಿ. ಕಬ್ಬಿಣದ ನಳಿಗೆಯ ಮೇಲೆ ಬಳೆಯಂಥ ಒಂದು ಉಬ್ಬು ಇರುತ್ತದೆ. ಕನೆಕ್ಟರಿನೊಳಗಿನ ಎರಡು ಪ್ಲಾಸ್ಟಿಕ್ ಹಲ್ಲುಗಳು ಆ ಉಬ್ಬಿನ ಹಿಂದೆ ಕಚ್ಚಿ ಕೂತಿರುತ್ತವೆ. ಎಳೆದಷ್ಟೂ ಉಬ್ಬು ಬಂದು ಹಲ್ಲಿಗೆ ಒತ್ತುತ್ತದೆ. ಲಾಕ್ ಒತ್ತಿದರೂ ಆ ಭಾರಕ್ಕೆ ಹಲ್ಲು ತೆರೆಯುವುದಿಲ್ಲ. ಒಳಗೆ ತಳ್ಳಿದರೆ ಹಲ್ಲಿನ ಮೇಲಿನ ಭಾರ ಇಳಿಯುತ್ತದೆ, ಆಗ ಲಾಕ್ ಒತ್ತಬೇಕು, ಒತ್ತಿ ಹಿಡಿದೇ ನೇರಕ್ಕೆ ಎಳೆಯಬೇಕು. ಜೊತೆಗೆ ಒಳಗಿನ ರಬ್ಬರ್ ರಿಂಗ್ ವರ್ಷಗಟ್ಟಲೆ ಕೂತು ನಳಿಗೆಗೆ ಅಂಟಿರುತ್ತದೆ, ಅದಕ್ಕೆ ಕನೆಕ್ಟರನ್ನು ಎಡಕ್ಕೆ ಬಲಕ್ಕೆ ಸ್ವಲ್ಪ ಸ್ವಲ್ಪ ತಿರುಗಿಸಬೇಕು. ಬಗ್ಗಿಸಬಾರದು. ಪ್ಲಾಸ್ಟಿಕ್ ಮುರಿದರೆ ಲಾಕ್ ಮಾತ್ರ ಸಿಗುವುದು ಕಷ್ಟ, ಇಡೀ ಪೈಪೇ ಕೊಳ್ಳಬೇಕಾಗಬಹುದು. ನಾವು ಉಳಿಸಲು ಹೊರಟಿದ್ದ ದುಡ್ಡು ಅಲ್ಲಿಗೇ ಹೋಗುತ್ತಿತ್ತು.

ನಮ್ಮದರಲ್ಲಿ ನಿಜವಾದ ಶತ್ರು ಮಣ್ಣು. ಹಲ್ಲು ಅಗಲವಾಗಬೇಕಾದ ಜಾಗದಲ್ಲೇ ಕೆಸರು ಒಣಗಿ ಸಿಮೆಂಟಾಗಿತ್ತು. ಹಳೇ ಹಲ್ಲುಜ್ಜುವ ಬ್ರಷ್ ಹಾಕಿ ತಿಕ್ಕಿ, ಸೈಕಲ್ ಪಂಪಿನಲ್ಲಿ ಊದಿ, ಮತ್ತೆ ತಿಕ್ಕಿ. ಬಿಚ್ಚುವ ಮೊದಲೇ ಇದನ್ನು ಮಾಡುವುದು ಒಳ್ಳೆಯದು, ಬಿಚ್ಚಿದ ಮೇಲೆ ಬೀಳುವ ಮಣ್ಣು ನೇರ ಇಂಜೆಕ್ಟರಿಗೆ ಹೋಗುತ್ತದೆ. ಕೊನೆಗೆ ಬಟ್ಟೆ ಸುತ್ತಿ, ತಳ್ಳಿ, ಒತ್ತಿ, ತಿರುಗಿಸಿ ಎಳೆದಾಗ ‘ಟಪ್’ ಎಂದು ಬಂತು. ಬಟ್ಟೆಗೆ ಬಿದ್ದದ್ದು ನಾಲ್ಕೈದು ಹನಿ. ಫ್ಲೂಯಿಡ್ ಮೆಕ್ಯಾನಿಕ್ಸ್ ಪರೀಕ್ಷೆಯಲ್ಲಿ ಬಾರ್ ಅನ್ನು ಪ್ಯಾಸ್ಕಲ್ಲಿಗೆ ಎಷ್ಟು ಸಲ ಬದಲಾಯಿಸಿದ್ದೇನೋ, ಆ 3 ಬಾರ್ ಇಳಿದಿದೆ ಎಂದು ಬೆರಳಿಗೆ ಗೊತ್ತಾದದ್ದು ಅಂದೇ.

ಟ್ಯಾಂಕ್ ತೊಳೆದು ಒಣಗಿಸಿದ ಕಥೆ ದೊಡ್ಡದೇನಲ್ಲ. ವಾಪಸ್ ಹಾಕುವಾಗ ನಳಿಗೆಯ ತುದಿಗೆ ಒಂದು ಹನಿ ಶುದ್ಧ ಇಂಜಿನ್ ಆಯಿಲ್ ಸವರಿದರೆ ರಿಂಗ್ ಕತ್ತರಿಸದೆ ಜಾರಿ ಕೂರುತ್ತದೆ. ‘ಕ್ಲಿಕ್’ ಶಬ್ದ ಕೇಳಲೇಬೇಕು. ಕೇಳಿದ ಮೇಲೂ ಒಮ್ಮೆ ಹಿಡಿದು ಎಳೆದು ನೋಡಬೇಕು. ಕಪ್ಲರ್, ಬ್ಯಾಟರಿ ಜೋಡಿಸಿ, ಸ್ಟಾರ್ಟ್ ಮಾಡದೆ ಕೀ ಮಾತ್ರ ಎರಡು ಮೂರು ಸಲ ಆನ್ ಮಾಡಿದರೆ ಪಂಪ್ ಗುಂಯ್ ಎಂದು ಒತ್ತಡ ತುಂಬುತ್ತದೆ. ಆಗ ಟಾರ್ಚ್ ಹಾಕಿ ಕನೆಕ್ಟರ್ ಸುತ್ತ ಬೆರಳಾಡಿಸಿ ನೋಡಿದೆವು. ಒಣಗಿತ್ತು. ಅಣ್ಣ ಸಂಜೆ ಆರಕ್ಕೆ ಆ್ಯಪ್ ಆನ್ ಮಾಡಿ ಹೊರಟ. ಪೆಟ್ರೋಲ್ ಒರೆಸಿದ ಬಟ್ಟೆಗಳನ್ನು ಅಮ್ಮ ಮನೆಯೊಳಗೆ ಬಿಡಲಿಲ್ಲ, ರಾತ್ರಿಯಿಡೀ ಹಿತ್ತಲಿನ ತಂತಿಯ ಮೇಲೆ ಹಾರಾಡುತ್ತಿದ್ದವು.